ಅಂಬಾರಿಯ ಕೆಳಗೊಂದು ನಾಲೆ

ದಸರಾ ಜಂಬೂ ಸವಾರಿಯ ಲೈವ್ ಅಂದ್ರೆ ನಮ್ಮ ಸ್ಟುಡಿಯೋದವರಿಗೆ ಮದುವೆ ಮನೆ ಇದ್ದ ಹಾಗೆ. ಆ ಸಲ ನಾನು ಕೆ.ಆರ್. ವೃತ್ತದ ಹತ್ತಿರ ಹಾಕಿದ್ದ ಅಟ್ಟಣಿಗೆ ಮೇಲೆ ನಿಂತಿದ್ದೆ. 750 ಕೆಜಿ ತೂಕದ ಚಿನ್ನದ ಅಂಬಾರಿ ಹೊತ್ತ ಆನೆ ನಿಧಾನಕ್ಕೆ ಸಯ್ಯಾಜಿರಾವ್ ರಸ್ತೆಗೆ ತಿರುಗಿತು. ಜನ ಜೈಕಾರ ಹಾಕ್ತಿದ್ದಾರೆ, ಮೇಲಿಂದ ಹೂವು ಬೀಳ್ತಿದೆ. ನನಗೆ ಏನಾಯ್ತೋ ಗೊತ್ತಿಲ್ಲ, ಕ್ಯಾಮೆರಾ ಹುಡುಗನಿಗೆ, "ಒಂದ್ನಿಮಿಷ ಆನೆಯ ಕಾಲು ತೋರಿಸಪ್ಪಾ, ಆಮೇಲೆ ರಸ್ತೆ ತೋರಿಸು" ಅಂದೆ. ಕಿವಿಯಲ್ಲಿದ್ದ ಇಯರ್‌ಪೀಸ್‌ನಲ್ಲಿ ಪ್ರೊಡ್ಯೂಸರ್ ಕಿರುಚಿದ: "ಸಾರ್, ಅಂಬಾರಿ ತೋರಿಸಿ ಸಾರ್! ಡಾಂಬರು ಯಾರಿಗೆ ಬೇಕು?"

ಅವತ್ತು ಹೇಳೋಕೆ ಆಗಲಿಲ್ಲ. ಇವತ್ತು ಹೇಳ್ತೀನಿ. ಆ ಡಾಂಬರಿನ ಕೆಳಗೆ ಒಂದು ನಾಲೆ ಇದೆ ಸ್ವಾಮಿ. ಕಾವೇರಿಯನ್ನು ಮೈಸೂರಿಗೆ ತರಬೇಕು ಅಂತ ಇನ್ನೂರು ವರ್ಷದ ಹಿಂದೆ ಒಬ್ಬ ದಿವಾನ ತೋಡಿಸಿದ ನಾಲೆ. ಕಾವೇರಿ ಅದರೊಳಗೆ ಬರಲೇ ಇಲ್ಲ. ಬಾರದ ನೀರಿನ ಹಾದಿಯನ್ನು ಮುಚ್ಚಿ, ಮೇಲೆ ರಸ್ತೆ ಮಾಡಿದರು. ಪ್ರತಿ ವಿಜಯದಶಮಿಯಲ್ಲಿ ಚಾಮುಂಡೇಶ್ವರಿ ತಾಯಿ ಹೋಗೋದು ಆ ರಸ್ತೆಯಲ್ಲೇ.

ಆ ದಿವಾನ ಪೂರ್ಣಯ್ಯ. ಹೆಸರು ಕೇಳಿದ ತಕ್ಷಣ ನಮ್ಮಲ್ಲಿ ಎರಡು ಗುಂಪು ಎದ್ದು ನಿಲ್ಲುತ್ತೆ. ಒಂದು ಗುಂಪಿಗೆ ಆತ ಮಹಾ ಆಡಳಿತಗಾರ, ಇನ್ನೊಂದು ಗುಂಪಿಗೆ ಹೈದರ್, ಟಿಪ್ಪು, ಆಮೇಲೆ ಇಂಗ್ಲಿಷರು ಅಂತ ಮೂರೂ ಕಡೆ ಸಲ್ಲಿದ ಜಾಣ. ಆ ಚರ್ಚೆಗೆ ರಾತ್ರಿ ಒಂಬತ್ತು ಗಂಟೆಯ ಪ್ಯಾನೆಲ್ ಇದೆ, ಇಲ್ಲಿ ಬೇಡ. ನನಗೆ ಪೂರ್ಣಯ್ಯ ಮೊದಲು ಪರಿಚಯವಾಗಿದ್ದು ಪುಸ್ತಕದಿಂದಲೂ ಅಲ್ಲ. ನಮ್ಮ ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ಒಂದು ದೊಡ್ಡ ಹಳೇ ಬಂಗಲೆ ಇದೆ. ಜಹಗೀರ್ದಾರ್ ಬಂಗಲೆ ಅಂತಾರೆ. 1807ರಲ್ಲಿ ಯಳಂದೂರನ್ನು ಪೂರ್ಣಯ್ಯನವರಿಗೆ ಜಹಗೀರಾಗಿ ಕೊಟ್ಟರು. ಅವರ ವಂಶದವರ ಮನೆ ಅದು. ನಾನು ಸ್ಕೂಲ್ ಹುಡುಗನಾಗಿದ್ದಾಗ ಬಿಳಿಗಿರಿರಂಗನ ಬೆಟ್ಟಕ್ಕೆ ಪ್ರವಾಸ ಹೋಗುವಾಗ ಮೇಷ್ಟ್ರು ಯಳಂದೂರಲ್ಲಿ ಬಸ್ ನಿಲ್ಲಿಸಿ ಎರಡು ತೋರಿಸಿದ್ದರು. ಒಂದು ಗೌರೀಶ್ವರ ದೇವಸ್ಥಾನದ ಬಳೆ ಮಂಟಪ, ಅದರ ಕಲ್ಲಿನ ಬಳೆಗಳು. ಇನ್ನೊಂದು ಈ ಬಂಗಲೆ. ಬಳೆ ನೋಡಿ ನಾವು ಬಾಯಿ ಬಿಟ್ಟುಕೊಂಡು ನಿಂತ್ವಿ. ಬಂಗಲೆ ಕಡೆ ಯಾರೂ ನೋಡಲಿಲ್ಲ.

ಇರಲಿ, ನಾಲೆಗೆ ಬರೋಣ. ನಾಲೆ ಯಾಕೆ ಬೇಕಾಯ್ತು ಅನ್ನೋದು ಅರ್ಥವಾಗಬೇಕಾದರೆ 1799ಕ್ಕೆ ಹೋಗಬೇಕು. ಟಿಪ್ಪು ಬಿದ್ದ. ರಾಜ್ಯ ಒಡೆಯರ ಮನೆತನಕ್ಕೆ ವಾಪಸ್ಸು ಬಂತು. ಪಟ್ಟಕ್ಕೆ ಕೂತ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಗ ಐದು ವರ್ಷ. ರಾಜ್ಯ ನಡೆಸುವ ಹೊಣೆ ಪೂರ್ಣಯ್ಯನದ್ದು. ಅದರ ಜೊತೆಗೇ ರಾಜಧಾನಿ ಶ್ರೀರಂಗಪಟ್ಟಣದಿಂದ ಮೈಸೂರಿಗೆ ಬಂತು.

ಇಲ್ಲೇ ನೋಡಿ ಎಡವಟ್ಟು. ಶ್ರೀರಂಗಪಟ್ಟಣ ಕಾವೇರಿಯ ಮಡಿಲಲ್ಲೇ ಕೂತಿರೋ ದ್ವೀಪ. ಸುತ್ತ ನೀರು. ಅಷ್ಟಿದ್ದರೂ ಅಲ್ಲಿಯ ಅರಸರು ಕೋಟೆಯೊಳಗೆ ಹರಿಯೋ ನೀರು ಬೇಕು ಅಂತ ನಾಲೆ ತಂದಿದ್ದರು. ಬಂಗಾರದೊಡ್ಡಿ ನಾಲೆ ಅಂತ ಅದರ ಹೆಸರು. ಕಟ್ಟಿಸಿದ್ದು ರಣಧೀರ ಕಂಠೀರವ ನರಸರಾಜ ಒಡೆಯರು, 1638ರಿಂದ 1659ರವರೆಗೆ ಆಳಿದವರು. ಮೇಲ್ಗಡೆ ನದಿಗೆ ಅಡ್ಡಗಟ್ಟೆ ಹಾಕಿ, ಅಲ್ಲಿಂದ ನಾಲೆ ತೆಗೆದು, ದ್ವೀಪಕ್ಕೂ ದಡಕ್ಕೂ ನಡುವೆ ಹರಿಯೋ ಕಾವೇರಿಯ ಕವಲಿನ ಮೇಲೆ ಮೇಲ್ಗಾಲುವೆ ಕಟ್ಟಿದರು. ಕೆಳಗೆ ಕಾವೇರಿ ಹರೀತಾಳೆ, ಅವಳ ತಲೆ ಮೇಲೆ ಕಲ್ಲಿನ ಕಾಲುವೆಯಲ್ಲಿ ಅವಳದ್ದೇ ನೀರು ಅಡ್ಡಕ್ಕೆ ಹರಿಯುತ್ತೆ! ಕೇಳೋಕೆ ಮಾಯಾಬಜಾರ್ ಕಥೆ ಥರ ಇದೆ, ಆದರೆ ಮಾಯವೇನೂ ಇಲ್ಲ. ನದಿಯ ಪಾತ್ರ ಬೇಗ ಬೇಗ ಇಳಿಯುತ್ತೆ. ನಾಲೆಗೆ ಮೈಲಿಗೆ ಒಂದೆರಡು ಅಡಿ ಇಳಿಜಾರು ಸಾಕು. ಮೇಲ್ಗಡೆ ಒಂದೇ ಮಟ್ಟದಲ್ಲಿ ಹೊರಟ ನದಿ ಮತ್ತು ನಾಲೆ, ಹತ್ತು ಮೈಲಿ ಮುಂದೆ ಬರೋ ಹೊತ್ತಿಗೆ ನದಿ ತಗ್ಗಿಗೆ ಹೋಗಿರುತ್ತೆ, ನಾಲೆ ಎತ್ತರದಲ್ಲೇ ಇರುತ್ತೆ. ಆ ವ್ಯತ್ಯಾಸವೇ ನಾಲೆಗಾರನ ಬಂಡವಾಳ. ಪಂಪಿಲ್ಲ, ಕರೆಂಟಿಲ್ಲ. ನೀರಿನ ತೂಕವೇ ನೀರನ್ನು ತಳ್ಳಬೇಕು.

ಇದೇ ವಿದ್ಯೆಯನ್ನು ಕಂಠೀರವರ ನಂತರ ಚಿಕ್ಕದೇವರಾಜ ಒಡೆಯರೂ ಬಳಸಿದರು. ಚಿಕ್ಕದೇವರಾಜಸಾಗರ ನಾಲೆ ಇವತ್ತಿಗೂ ಶ್ರೀರಂಗಪಟ್ಟಣದ ಕಡೆ ಗದ್ದೆಗಳಿಗೆ ನೀರು ಕೊಡುತ್ತೆ. ಗುಂಡ್ಲುಪೇಟೆಯವರಿಗೆ ಈ ಹೆಸರು ಹೊಸದಲ್ಲ. ವಿಜಯಪುರ ಅಂತಿದ್ದ ಊರಿನಲ್ಲಿ ತಂದೆಯ ನೆನಪಿಗೆ 1674ರಲ್ಲಿ ಪರವಾಸುದೇವ ದೇವಸ್ಥಾನ ಕಟ್ಟಿಸಿ, ಅಗ್ರಹಾರ ಮಾಡಿಸಿ, ಗುಂಡ್ಲುಪೇಟೆಯನ್ನು ಪೇಟೆ ಮಾಡಿದವರು ಅವರೇ. ನಮ್ಮೂರಿಗೆ ದೇವಸ್ಥಾನ ಕೊಟ್ಟರು, ನಾಲೆಯನ್ನು ಶ್ರೀರಂಗಪಟ್ಟಣಕ್ಕೆ ಕೊಟ್ಟರು. ತಕರಾರು ಮಾಡೋ ಹಾಗಿಲ್ಲ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಈಗ ಮೈಸೂರು. ಅದು ಕೂತಿರೋದು ಕಾವೇರಿಗೂ ಕಬಿನಿಗೂ ನಡುವಿನ ದಿಬ್ಬದ ಮೇಲೆ. ಊರಿನ ಉತ್ತರಕ್ಕೆ ಬಿದ್ದ ಮಳೆ ಕಾವೇರಿಗೆ ಹೋಗುತ್ತೆ, ದಕ್ಷಿಣಕ್ಕೆ ಬಿದ್ದದ್ದು ಕಬಿನಿಗೆ. ಎರಡು ನದಿ ಎರಡು ಮಗ್ಗುಲಲ್ಲಿ, ಆದರೆ ಊರಿನೊಳಗೆ ನದಿ ಇಲ್ಲ. ಶ್ರೀರಂಗಪಟ್ಟಣ ಸಮುದ್ರ ಮಟ್ಟದಿಂದ ಸುಮಾರು 680 ಮೀಟರ್, ಮೈಸೂರು ಸುಮಾರು 770. ಅಂದ್ರೆ ಹೆಚ್ಚುಕಡಿಮೆ 90 ಮೀಟರ್ ವ್ಯತ್ಯಾಸ. ಇವತ್ತು ಕೆಆರ್‌ಎಸ್ ತುಂಬಿ 124.80 ಅಡಿ ನಿಂತಾಗ ನಾವು "ಬ್ರೇಕಿಂಗ್" ಅಂತ ಕೆಂಪು ಪಟ್ಟಿ ಓಡಿಸ್ತೀವಲ್ಲ, ಆ ತುಂಬಿದ ನೀರಿನ ಮಟ್ಟ ಕೂಡ ಮೈಸೂರಿನ ಎತ್ತರದ ಬಡಾವಣೆಗಳಿಗಿಂತ ತಗ್ಗಿನಲ್ಲೇ ಇರುತ್ತೆ. ಪೂರ್ಣಯ್ಯನ ಕಾಲಕ್ಕೆ ಆ ಕಟ್ಟೆಯೂ ಇಲ್ಲ.

ಕೋಟೆ ಮತ್ತೆ ಕಟ್ಟಬೇಕಿತ್ತು. ಟಿಪ್ಪು ಮೈಸೂರಿನ ಹಳೇ ಕೋಟೆ ಒಡೆಸಿ ಆ ಕಲ್ಲನ್ನು ನಜರ್‌ಬಾದಿಗೆ ಸಾಗಿಸಿದ್ದ. ಈಗ ಅದೇ ಕಲ್ಲು ತಿರುಗಿ ಬಂತು. ಅರಮನೆ ಎದ್ದಿತು. ಜನ ಬಂದರು. ಜನ ಬಂದ ಮೇಲೆ ನೀರು ಬೇಡವಾ? ಕೆರೆ, ಕೊಳ, ಬಾವಿ ಎಷ್ಟು ದಿನ ಆದೀತು? ಕಾವೇರಿಯನ್ನೇ ತರೋಣ ಅಂದ ಪೂರ್ಣಯ್ಯ. ತೋಡು ಶುರುವಾಯಿತು.

ಈ ನಾಲೆಯ ಕಟ್ಟಡಗಾರಿಕೆ ಏನು ಅಂತ ಕೇಳಿದರೆ, ಅದರ ಆಳವೇ ಅದರ ಕಟ್ಟಡಗಾರಿಕೆ. ಊರು ಎತ್ತರದಲ್ಲಿದೆ, ನೀರು ಬರುವ ಮಟ್ಟ ತಗ್ಗಿನಲ್ಲಿದೆ. ಹಾಗಾದರೆ ಊರೊಳಗೆ ನಾಲೆ ಬರಬೇಕಾದರೆ ನೆಲವನ್ನೇ ಬಗೆದು ಕೆಳಗಿಳಿಸಬೇಕು. ಅರಮನೆಯ ಹತ್ತಿರದಲ್ಲೇ, ಊರಿನ ನಡುವೆ, ಕಂದಕದ ಹಾಗೆ ಅಗೆದರು. ಜೆಸಿಬಿ ಇರಲಿಲ್ಲ. ಗುದ್ದಲಿ, ಹಾರೆ, ಮಂಕರಿ, ಮನುಷ್ಯರ ತಲೆ. ಮಣ್ಣು ಹೊತ್ತವರ ಹೆಸರು ಯಾವ ಶಾಸನದಲ್ಲೂ ಇರೋದಿಲ್ಲ, ಅದು ನಮ್ಮ ಇತಿಹಾಸದ ಹಳೇ ಚಾಳಿ.

ನೀರು ಬರಲಿಲ್ಲ. 1811ರಲ್ಲಿ ಮುಮ್ಮಡಿಯವರು ಅಧಿಕಾರ ವಹಿಸಿಕೊಂಡರು. 1812ರ ಮಾರ್ಚ್‌ನಲ್ಲಿ ಪೂರ್ಣಯ್ಯ ತೀರಿಕೊಂಡ. ನಾಲೆ ಉಳಿಯಿತು.

ಈ ಮನುಷ್ಯನಿಗೆ ಕಲ್ಲು, ನೀರು ಗೊತ್ತಿರಲಿಲ್ಲ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಶ್ರೀರಂಗಪಟ್ಟಣದಲ್ಲಿ ವೆಲ್ಲೆಸ್ಲಿ ಸೇತುವೆ ನೋಡಿದ್ದೀರಾ? 1804ರಲ್ಲಿ ಮುಗಿದದ್ದು, ಪೂರ್ಣಯ್ಯನೇ ಕಟ್ಟಿಸಿದ್ದು. ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟರು, ಆದರೆ ಕಟ್ಟಿದ ರೀತಿ ಅಪ್ಪಟ ನಮ್ಮದು. ಕಮಾನಿಲ್ಲ. ಸಾಲು ಸಾಲು ಕಲ್ಲಿನ ಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆ ಮೇಲೆ ಕಲ್ಲಿನ ತೊಲೆ. ದೇವಸ್ಥಾನದ ಮಂಟಪವನ್ನು ಉದ್ದಕ್ಕೆ ಎಳೆದು ನದಿಗೆ ಅಡ್ಡ ಮಲಗಿಸಿದ ಹಾಗಿದೆ. ಎರಡು ಶತಮಾನದ ಪ್ರವಾಹ ಅದರ ಮೇಲೆ ಹರಿದುಹೋಗಿದೆ, ಸೇತುವೆ ನಿಂತಿದೆ. ಸೇತುವೆ ಕಟ್ಟಿದ ಅದೇ ಆಡಳಿತ ನಾಲೆಯಲ್ಲಿ ಸೋತಿತು. ನನ್ನ ಲೆಕ್ಕದಲ್ಲಿ ಕಾರಣ ಸರಳ. ಸೇತುವೆಗೆ ಬೇಕಿದ್ದು ಕಲ್ಲುಕುಟಿಗನ ಅನುಭವ, ಅದು ಸಾವಿರ ವರ್ಷದ್ದು ಕೈಯಲ್ಲಿತ್ತು. ನಾಲೆಗೆ ಬೇಕಿದ್ದು ಮೈಲಿಗಟ್ಟಲೆ ದೂರದ ಮಟ್ಟದ ಲೆಕ್ಕ. ಮೈಸೂರಿನ ಎತ್ತರಕ್ಕೆ ನೀರು ತಾನಾಗಿ ಹರಿದು ಬರಬೇಕಾದರೆ ನದಿಯಲ್ಲಿ ತುಂಬಾ ಮೇಲಕ್ಕೆ ಹೋಗಿ, ಊರಿಗಿಂತ ಎತ್ತರದ ಜಾಗದಲ್ಲಿ ಕಟ್ಟೆ ಕಟ್ಟಿ, ಗುಡ್ಡ ಗುಡ್ಡ ಸುತ್ತಿಸಿ ತರಬೇಕು. ಅರ್ಧ ಅಡಿ ತಪ್ಪಿದರೂ ಮುಗೀತು. ಒತ್ತಾಯ ಮಾಡಿದರೆ ಕಂದಾಯ ಬರುತ್ತೆ, ಸೈನ್ಯ ಬರುತ್ತೆ, ನೀರು ಬರಲ್ಲ.

ಇಲ್ಲಿ ನನ್ನ ಮನೆ ವಿಷಯ ಸ್ವಲ್ಪ ಹೇಳಲೇಬೇಕು, ಬೇಜಾರು ಮಾಡ್ಕೋಬೇಡಿ. ಗುಂಡ್ಲುಪೇಟೆ ಕಡೆ ನಮ್ಮ ಹೊಲದ ನಡುವೆ ಒಂದು ನಾಲೆ ಇತ್ತು. ನಾನು ಹುಟ್ಟೋ ಮುಂಚೆ ತೋಡಿದ್ದು. ಯಾವ ಯೋಜನೆ, ಯಾವ ಇಲಾಖೆ ಅನ್ನೋದು ಬೇಡ, ಹೆಸರು ಹೇಳಿ ಈಗೇನೂ ಆಗಬೇಕಾಗಿಲ್ಲ. ಅಪ್ಪ ಮೂರು ಗುಂಟೆ ಬಿಟ್ಟುಕೊಟ್ಟಿದ್ದ. ದುಡ್ಡು ಬಂದದ್ದು ಅಷ್ಟಕ್ಕಷ್ಟೆ. ನೀರು ಬರುತ್ತೆ ಅನ್ನೋ ಆಸೆಗೆ ಕೊಟ್ಟಿದ್ದು. ನಾನು ಆ ನಾಲೆಯಲ್ಲಿ ಗೋಲಿ ಆಡಿದೆ, ಕ್ರಿಕೆಟ್ ಆಡಿದೆ, ಎಸ್ಸೆಸ್ಸೆಲ್ಸಿಗೆ ಓದಿಕೊಂಡೆ. ನೀರು ಮಾತ್ರ ಮಳೆಗಾಲದಲ್ಲಿ ಮೊಣಕಾಲುದ್ದ ನಿಂತು ಇಂಗಿಹೋಗುತ್ತಿತ್ತು. ಒಂದು ಸಲ ಕೇಳಿದೆ, "ಯಾಕಪ್ಪ ಇದ್ರಲ್ಲಿ ನೀರು ಬರಲ್ಲ?" ಅಪ್ಪ ಬೀಡಿ ಆರಿಸಿ ಹೇಳಿದ್ದು ಇಷ್ಟೇ: "ಆ ಕಡೆ ತಗ್ಗು ಅದ, ಈ ಕಡೆ ದಿಣ್ಣ ಅದ. ನೀರು ಮ್ಯಾಕ್ಕೆ ಹತ್ತದಾ ಕೂಸು?" ತೋಡೋವಾಗಲೇ ಗೊತ್ತಿತ್ತಾ ಅಂದೆ. "ನಮ್ಗ ಗೊತ್ತಿತ್ತು. ನಮ್ಮ ಯಾರು ಕೇಳಿರು?" ಅಂದ.

ಮೈಸೂರಿನ ನಾಲೆಯ ಬಗ್ಗೆ ಓದುವಾಗೆಲ್ಲ ನನಗೆ ಅಪ್ಪನ ಈ ಮಾತೇ ನೆನಪಾಗೋದು. ಪೂರ್ಣಯ್ಯ ಕೂಡ ಆಗ ಯಾವನಾದರೂ ನೀರುಗಂಟಿಯನ್ನು ಕೇಳಿದ್ದನೋ ಏನೋ.

ಮುಂದಿನ ಕಥೆ ಕೇಳಿ. ಕಾವೇರಿ ಬಾರದಿದ್ದರೇನು, ನಾಲೆ ಸುಮ್ಮನಿರಲಿಲ್ಲ. ಊರಾಚೆಯ ಪಶ್ಚಿಮದ ಕಡೆ ಅದು ಮಳೆನೀರು ಹಿಡಿಯೋ ಗಾಲುವೆಯಾಯಿತು. 1864ರಲ್ಲಿ ಮುಮ್ಮಡಿಯವರು ಕುಕ್ಕರಹಳ್ಳಿ ಕೆರೆ ಕಟ್ಟಿಸಿದರು. ಆ ಕೆರೆಗೆ ನೀರು ತುಂಬಿದ್ದು ಪೂರ್ಣಯ್ಯ ನಾಲೆಯೇ. ಕುವೆಂಪು ವಾಯುವಿಹಾರ ಮಾಡಿದ ಕೆರೆ ಅಂತ ನಾವು ಡಾಕ್ಯುಮೆಂಟರಿ ಮಾಡ್ತೀವಿ, ಹಕ್ಕಿ ತೋರಿಸ್ತೀವಿ, ಹಿನ್ನೆಲೆಗೆ ಕೊಳಲು ಹಾಕ್ತೀವಿ. ಕೆರೆಗೆ ನೀರು ಎಲ್ಲಿಂದ ಬರ್ತಿತ್ತು ಅಂತ ಯಾರೂ ಹೇಳಲ್ಲ. ಸೋತ ನಾಲೆಯಿಂದ ಗೆದ್ದ ಕೆರೆ ಅದು. ಆಮೇಲೆ ಆ ನಾಲೆಯ ಅಂಚಿಗೆ ಬಡಾವಣೆ ಬಂದವು. ಒತ್ತುವರಿ ಬಂತು. ಬಡಾವಣೆಗಳ ಕೊಳಚೆ ಬಂತು. ಕೆರೆಗೆ ಮಳೆನೀರಿನ ಬದಲು ಚರಂಡಿ ನೀರು ಹರಿಯೋಕೆ ಶುರುವಾದಾಗ ಹೋರಾಟ, ಅರ್ಜಿ, ನಮ್ಮ ಮೈಕು. ಈಗ ಕೊಳಚೆಯೂ ಬೇಡ, ಮಳೆನೀರೂ ಸಿಗ್ತಿಲ್ಲ ಅನ್ನೋ ಸ್ಥಿತಿ.

ಊರ ನಡುವಿನ ಭಾಗದ್ದು ಬೇರೆಯೇ ಗತಿ. ಹರಿಯದ ಆಳದ ತೋಡು ಊರ ಮಧ್ಯೆ ಇದ್ದರೆ ಏನಾಗುತ್ತೆ? ನಮ್ಮ ಜನ ಅದಕ್ಕೆ ಏನು ಹಾಕ್ತಾರೆ? ಉತ್ತರ ನಿಮಗೇ ಗೊತ್ತು. ಕಸ, ಹೊಲಸು, ಸೊಳ್ಳೆ, ರೋಗ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಅದರ ಬಹುಭಾಗವನ್ನು ಮುಚ್ಚಿದರು. ಮುಚ್ಚಿದ ಜಾಗವೇ ರಸ್ತೆಯಾಯಿತು. ಬರೋಡಾದ ಮಹಾರಾಜ ಸಯ್ಯಾಜಿರಾವ್ ಗಾಯಕವಾಡರ ಹೆಸರಿಟ್ಟರು. 1897ರಲ್ಲಿ ಪ್ರಕಟವಾದ ಬಿ. ಎಲ್. ರೈಸ್ ಅವರ ಗೆಜೆಟಿಯರ್ ಇದನ್ನು ನಗರದ ದೊಡ್ಡ ಸುಧಾರಣೆಗಳಲ್ಲಿ ಒಂದು ಅಂತ ದಾಖಲಿಸಿದೆ. ರಸ್ತೆ ಪಕ್ಕ ಅಂಗಡಿ ಸಾಲು ಎದ್ದವು. ವೈಸರಾಯ್ ಲ್ಯಾನ್ಸ್‌ಡೌನ್ ಹೆಸರಿನಲ್ಲಿ 1892ರಲ್ಲಿ ಲ್ಯಾನ್ಸ್‌ಡೌನ್ ಬಜಾರ್ ಬಂತು, ಉದ್ದಕ್ಕೆ ಕಮಾನಿನ ಸಾಲು, ಒಂದೇ ಅಳತೆಯ ಮಳಿಗೆಗಳು. ಆ ಕಡೆ ದೇವರಾಜ ಮಾರುಕಟ್ಟೆ, ಚಿಕ್ಕಗಡಿಯಾರ. ಇವತ್ತು ನಾವು ಪಾರಂಪರಿಕ ಮೈಸೂರು ಅಂತ ಪೋಸ್ಟ್‌ಕಾರ್ಡಿಗೆ ಹಾಕೋ ಅರ್ಧ ಚಿತ್ರ ಒಂದು ವಿಫಲ ನಾಲೆಯ ಆಸುಪಾಸಿನದು!

2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವ ಹೋದವು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ತುದಿ ಕುಸಿಯಿತು. ಇದಕ್ಕೂ ಕೆಳಗಿನ ನಾಲೆಗೂ ಗಂಟು ಹಾಕೋಕೆ ನಾನು ಹೊರಟಿಲ್ಲ. ಟಿಆರ್‌ಪಿ ಬರುತ್ತೆ, ಆದರೆ ಸುಳ್ಳಾಗುತ್ತೆ. ಅಲ್ಲಿ ರಿಪೇರಿ ಮಾಡಬೇಕಾ, ಕೆಡವಿ ಕಟ್ಟಬೇಕಾ ಅನ್ನೋ ಜಗಳ ಕೋರ್ಟು ಕಚೇರಿ ಹತ್ತಿತು. ಆ ಸಂದರ್ಭದಲ್ಲಿ ಸ್ಟೋರಿಗೆ ಅಂತ ಮಾರುಕಟ್ಟೆಗೆ ಹೋಗಿದ್ದೆ. ಹೂವಿನ ಸಾಲಲ್ಲಿ ಚೆಂಡುಹೂ ರಾಶಿಯ ಹಿಂದೆ ಕೂತಿದ್ದ ಒಬ್ಬ ಅಜ್ಜ ಮುಖ ನೋಡಿ ಕೇಳಿದ.

"ಯಾವೂರಾಯ್ತು ಬುದ್ದಿ ನಿಮ್ದು?"

"ಗುಂಡ್ಲುಪೇಟೆ ಕಡೆ ಅಜ್ಜ."

"ಅಯ್ಯ, ನಮ್ಮವ್ರೇ ಕನ! ನಾನು ತೆರಕಣಾಂಬಿಯವ." ಒಂದು ಮೊಳ ಹೂ ಕೈಗಿಟ್ಟ, ದುಡ್ಡು ತಗೊಳ್ಳಲಿಲ್ಲ. ಇಲ್ಲಿ ನಾಲೆ ಇತ್ತಂತಲ್ಲ ಅಜ್ಜ, ಗೊತ್ತಾ ಅಂದೆ. "ನಮ್ಮಪ್ಪ ಹೇಳ್ತಿದ್ದ. ರಾಜ್ರ ಕಾಲ್ದಲ್ಲಿ ತೋಡಿ ರಾಜ್ರ ಕಾಲ್ದಲ್ಲೇ ಮುಚ್ಚಿರಂತ. ನಮ್ಮ ಕಡೆ ಇನ್ನೂ ತೋಡ್ತಾ ಅವ್ರ ಅಲ್ವಾ ಬುದ್ದಿ?" ಅಂತ ನಕ್ಕ. ಕ್ಯಾಮೆರಾ ಆನ್ ಆಗಿರಲಿಲ್ಲ. ನನ್ನ ವೃತ್ತಿಯಲ್ಲಿ ಒಳ್ಳೆ ಬೈಟುಗಳೆಲ್ಲ ಹೀಗೇ ಹೋಗಿರೋದು.

ಹಾಗಾದರೆ ಮೈಸೂರಿಗೆ ಕಾವೇರಿ ಬಂದದ್ದು ಯಾವಾಗ? 1896ರಲ್ಲಿ. ವಾಣಿವಿಲಾಸ ನೀರು ಸರಬರಾಜು ವ್ಯವಸ್ಥೆ ಶುರುವಾಯಿತು. ಚಾಮರಾಜೇಂದ್ರ ಒಡೆಯರು ತೀರಿಕೊಂಡ ಮೇಲೆ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟ್ ಆಗಿದ್ದ ಕಾಲ. ಬೆಳಗೊಳದಿಂದ ನೀರನ್ನು ಯಂತ್ರದಿಂದ ಎತ್ತಿ ಕೊಳವೆಯಲ್ಲಿ ತಂದರು. ನಾಲೆ ತೋಡಿದ್ದರಿಂದ ಆಗದ ಕೆಲಸ ಪಂಪಿನಿಂದ ಆಯಿತು. ನಡುವೆ ಹೆಚ್ಚುಕಡಿಮೆ ಒಂದು ಶತಮಾನ ಕಳೆದಿತ್ತು.

ಆಮೇಲೆ ಪ್ಲೇಗ್ ಬಂತು. ಊರನ್ನು ಅಗಲ ಮಾಡಬೇಕು, ಗಾಳಿ ಬೆಳಕು ಆಡಬೇಕು ಅಂತ 1903ರಲ್ಲಿ ನಗರಾಭಿವೃದ್ಧಿಗೆ ಟ್ರಸ್ಟ್ ಬೋರ್ಡ್ ಹುಟ್ಟಿತು. ಆಗ ಮೈಸೂರಿನ ದಿವಾನರು ಯಾರು ಹೇಳಿ? ಪಿ. ಎನ್. ಕೃಷ್ಣಮೂರ್ತಿ, 1901ರಿಂದ 1906. ಯಳಂದೂರಿನ ಜಹಗೀರ್ದಾರರು, ಪೂರ್ಣಯ್ಯನ ವಂಶದವರು. ಮುತ್ತಜ್ಜ ತೋಡಿದ ಕಂದಕ ಮುಚ್ಚಿದ ಊರಿನ ಮೇಲೆ ಮರಿಮಗ ಹೊಸ ಬಡಾವಣೆಗೆ ಸಹಿ ಹಾಕಿದ. ಇದನ್ನು ಧಾರಾವಾಹಿಯಲ್ಲಿ ತೋರಿಸಿದರೆ ನೀವೇ ಅತಿಯಾಯ್ತು ಅಂತೀರಿ.

ಈಗ ಬಾಕಿ ಉಳಿಸಿದ್ದ ಮಾತು. ನಮ್ಮ ಕಡೆಗೆ ಯಾಕೆ ಅಂಥ ನಾಲೆ ಬರಲಿಲ್ಲ? ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಇಳಿಯೋ ಗುಂಡ್ಲು ಹೊಳೆ ಉತ್ತರಕ್ಕೆ ಹರಿದು ನಂಜನಗೂಡಿನಲ್ಲಿ ಕಬಿನಿ ಸೇರುತ್ತೆ. ಕೌಂಡಿನ್ಯ ಅಂತ ಪುರಾಣದ ಹೆಸರು. ಗುಂಡ್ಲುಪೇಟೆ 800 ಮೀಟರಿಗಿಂತ ಎತ್ತರದಲ್ಲಿದೆ, ಕಬಿನಿ ಕೆಳಗಿದೆ. ಕಂಠೀರವರೇ ಎದ್ದು ಬಂದರೂ ಕಬಿನಿಯನ್ನು ನಮ್ಮೂರಿಗೆ ಹರಿಸೋಕೆ ಆಗಲ್ಲ. ಹೊಳೆ ಬತ್ತಿದ ಮೇಲೆ ಬೋರ್‌ವೆಲ್, ಬೋರ್‌ವೆಲ್ ಬತ್ತಿದ ಮೇಲೆ ಟ್ಯಾಂಕರ್. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಅರಿಕುಠಾರ ಅಂತಿದ್ದ ಊರಿಗೆ ತಂದೆಯ ಹೆಸರಿಟ್ಟು ಚಾಮರಾಜನಗರ ಮಾಡಿದವರು ಮುಮ್ಮಡಿಯವರು, 1818ರಲ್ಲಿ. ಅರಸರು ತಂದೆ ಹುಟ್ಟಿದ ಜಾಗ ಅಂತ ಕೈ ಮುಗಿದು ಬಂದ ಊರಿಗೆ, ನಮ್ಮ ಕಾಲದ ಮುಖ್ಯಮಂತ್ರಿಗಳು ಕುರ್ಚಿ ಹೋಗುತ್ತೆ ಅಂತ ವರ್ಷಗಟ್ಟಲೆ ಕಾಲಿಡಲಿಲ್ಲ. ಬರದವರು ಬರ ನೋಡೋದು ಹೇಗೆ?

ಕೊನೆಗೆ ಬಂದದ್ದು ಏತ. ಕಬಿನಿ ನೀರನ್ನು ಆಲಂಬೂರಿನಿಂದ ಪಂಪಿನಲ್ಲಿ ಎತ್ತಿ, ದೊಡ್ಡ ಕೊಳವೆಗಳಲ್ಲಿ ಕೆರೆಯಿಂದ ಕೆರೆಗೆ ತುಂಬಿಸುವ ಯೋಜನೆ. ನಮ್ಮ ಬೆಟ್ಟದಿಂದ ಇಳಿದು ನಂಜನಗೂಡಿಗೆ ಹೋದ ನೀರನ್ನೇ, ಕರೆಂಟ್ ಬಿಲ್ ಕಟ್ಟಿ, ಮತ್ತೆ ಮೇಲಕ್ಕೆ ತರ್ತಾ ಇದ್ದೀವಿ. ಪಂಪ್ ಕೆಟ್ಟರೆ ಕೆರೆ ಒಣಗುತ್ತೆ, ಕೊಳವೆ ಒಡೆದರೆ ಹೊಲ ಮುಳುಗುತ್ತೆ. ಬಂಗಾರದೊಡ್ಡಿ ನಾಲೆಗೆ ಆ ಭಯವಿಲ್ಲ. ಆದರೆ ನನಗೆ ದೂರು ಹೇಳೋಕೆ ಬಾಯಿ ಬರಲ್ಲ. ಟ್ಯಾಂಕರ್ ಮುಂದೆ ಬಿಂದಿಗೆ ಹಿಡಿದು ನಿಂತಿದ್ದ ನನ್ನ ಅವ್ವನನ್ನು ನೋಡಿದ್ದೀನಿ.

ನೀರು ಬರೋ ಹೊತ್ತಿಗೆ ಅಪ್ಪ ಇರಲಿಲ್ಲ. ಒಂದು ದಿನ ರಾತ್ರಿ ಬುಲೆಟಿನ್ ಮುಗಿಸಿ ಫೋನ್ ಆನ್ ಮಾಡಿದರೆ ಚಿಕ್ಕಪ್ಪನ ಮಗನದ್ದು ಏಳು ಮಿಸ್ಡ್ ಕಾಲ್. ಗಾಬರಿಯಾಗಿ ಮಾಡಿದೆ.

"ಅಣ್ಣೋ, ಕೆರೆ ಕೋಡಿ ಬಿತ್ತು!"

"ಎಲ್ಲಿಗೆ ಹರೀತಾ ಇದೆಯೋ ನೀರು?"

"ಅದೇ ಕನಣ್ಣ, ನಿಮ್ಮ ಹೊಲದ ನಾಲೆಗೇ ನುಗ್ತಾ ಅದ. ಆದ್ರ ಉಲ್ಟಾ. ಎಲ್ಲಿಂದ ಬರಬೇಕಿತ್ತೋ, ಆ ಕಡೆಗೆ ಹೋಯ್ತಾ ಅದ."